ಎಪ್ಪತ್ತೇಳೂವರೆ

ಲೋಕದಲ್ಲಿರುವ ಕಾಯಿಲೆ ಒಟ್ಟು ಎಪ್ಪತ್ತೇಳೂವರೆ
ಎಂದು ಲೆಕ್ಕ ಒಪ್ಪಿಸುತ್ತಿದ್ದ ಅಪ್ಪ,
ಗೂಡ್ಸ್ ರೈಲಿನ ಸರಕುಪಟ್ಟಿ ಓದುವ ದನಿಯಲ್ಲೇ.
ಎಪ್ಪತ್ತೇಳಕ್ಕೆ ಎಪ್ಪತ್ತೇಳು ಸೊಪ್ಪು.
ಉಳಿದರ್ಧ ಹೆಸರಿಲ್ಲದ ಕಾಯಿಲೆ,
ಅದರ ಮದ್ದಿಗೂ ಹೆಸರಿಲ್ಲ.
ಕಣ್ಣು ಮುಚ್ಚಿ ಚಾಚಿದ ಕೈಗೆ ಸಿಕ್ಕಿದರೆ ಸಿಕ್ಕಿತು.

ಜೂನ್ ಇಪ್ಪತ್ನಾಲ್ಕು, ಎನ್ಯೊವ್ದೆನ್ ಹಬ್ಬ.
ಸೂರ್ಯನಿಗಿಂತ ಮೊದಲು ನನ್ನನ್ನೆಬ್ಬಿಸಿ
ಹಳಿಯ ಪಕ್ಕದ ಇಳಿಜಾರಿಗೆ ಕರೆದೊಯ್ಯುತ್ತಿದ್ದ.
ಮಾತಾಡಕೂಡದು. ಹಿಂದಿರುಗಿ ನೋಡಕೂಡದು.
ಕಾಲಿಗಂಟಿದ ಇಬ್ಬನಿ ಒರೆಸಕೂಡದು.
ರೋಡೊಪಿ ಬೆಟ್ಟದ ಆ ಕಿರುಹಳಿಯಲ್ಲಿ
ಮೊದಲ ರೈಲು ಆರೂ ಹತ್ತಕ್ಕೆ;
ಅಷ್ಟರಲ್ಲಿ ಬೆಟ್ಟದ ಕೆಲಸ ಮುಗಿಸಿ
ಸರ್ಕಾರದ ಟೊಪ್ಪಿ ತಲೆಗಿಟ್ಟು
ಹಸಿರು ಬಾವುಟ ಹಿಡಿದು ನಿಂತಿರುತ್ತಿದ್ದ,
ಕೋಟಿನ ಜೇಬಿನಿಂದ ತುರಚೆ ಸೊಪ್ಪು ಇಣುಕುತ್ತ.

ಮೂಢನಂಬಿಕೆಯ ಮೇಲೆ ಪಕ್ಷದ ಕಾರ್ಯದರ್ಶಿ
ಶಾಲೆಯಲ್ಲಿ ಒಂದೂವರೆ ಗಂಟೆ ಭಾಷಣ ಮಾಡಿದ್ದ.
ಅದೇ ವಾರ ಕತ್ತಲಲ್ಲಿ ಹಿತ್ತಿಲ ಬಾಗಿಲು ತಟ್ಟಿದ,
ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಮಗನ ಕೈಹಿಡಿದು.
ಅಪ್ಪ ಏನೂ ಕೇಳಲಿಲ್ಲ.
ಮೂರು ಕೆಂಡ ನೀರಿಗೆ ಹಾಕಿದ,
ಮೂರೂ ಮುಳುಗಿದವು.
'ದೊಡ್ಡ ಕಣ್ಣು ಬಿದ್ದಿದೆ ಕಾಮ್ರೇಡ್' ಎಂದ.

ನನಗಾಗ ಏಳು. ನಾಯಿಗೆ ಹೆದರಿ
ಮೂರು ರಾತ್ರಿ ಕಿರುಚಿಕೊಂಡೆನಂತೆ.
ಬೋಗಿಯ ಬಾಗಿಲಿಗೊತ್ತುವ ಸೀಸದ ಮುದ್ರೆ, ನಾಲ್ಕು,
ದಾಖಲೆಯಲ್ಲಿ 'ಹಾಳಾದವು' ಎಂದು ಬರೆದು ತಂದವು,
ಸೌಟಿನಲ್ಲಿ ಕರಗಿಸಿ,
ನನ್ನ ತಲೆಗೆ ಕೆಂಪು ಬಟ್ಟೆ ಹೊದಿಸಿ,
ನೆತ್ತಿಯ ಮೇಲೆ ಅಮ್ಮ ಹಿಡಿದ ಬೋಗುಣಿಗೆ ಸುರಿದ.
ಚೊರ್ ಎಂದಿತು ನೀರು.
ಹೆಪ್ಪುಗಟ್ಟಿದ್ದನ್ನು ದೀಪಕ್ಕೆ ಹಿಡಿದು ತಿರುಗಿಸಿ
'ನಾಯಿಯಲ್ಲ, ಹುಂಜ' ಎಂದ.
ನಾಯಿಯೇ, ನಾನು ನೋಡಿದೆನಲ್ಲ, ಎಂದೆ.
'ನೀನು ಅಂದುಕೊಂಡದ್ದು ಹಾಗೆ, ನೆವೆನಾ.
ಸೀಸ ಸುಳ್ಳು ಹೇಳೋದಿಲ್ಲ.'
ಅಂದಿನಿಂದ ನಾಯಿ ಪರವಾಗಿಲ್ಲ.
ಹುಂಜ ಕಂಡರೆ ಮೈ ನಡುಗುತ್ತದೆ.

ಪರೀಕ್ಷೆಗೆ ಹೊರಟರೆ ಲಂಗದ ಅಂಚಿನಲ್ಲಿ ಬೆಳ್ಳುಳ್ಳಿ ಹೊಲಿಯುತ್ತಿದ್ದ,
ನನ್ನ ಹಿಂದಿನ ಬೆಂಚು ಸದಾ ಖಾಲಿ.
ಜ್ವರಕ್ಕೆ ರಾಕಿಯಾ ತಿಕ್ಕುತ್ತಿದ್ದ, ಅಂಗಾಲಿಗೆ ವಿನಿಗರ್,
ಮಿಕ್ಕ ರಾಕಿಯಾ ವೈದ್ಯನಿಗೇ ಸಲ್ಲುತ್ತಿತ್ತು.

ಅಮ್ಮ ಮಾತ್ರ ಯಾವ ಸೊಪ್ಪಿಗೂ ಬಗ್ಗಲಿಲ್ಲ.
ಹೊಸ್ತಿಲಡಿ ದಾರ ಹೂತ,
ಅವಳ ಬಾಚಣಿಗೆಯ ಕೂದಲು ಸುಟ್ಟ,
ಕಷಾಯಕ್ಕೆ ಜೇನು ಬೆರೆಸಿದ, ಆಮೇಲೆ ಇನ್ನಷ್ಟು ಜೇನು.
ಅವಳು ಕುಡಿದು, ಲೋಟ ತೊಳೆದು ಕವುಚಿಟ್ಟು,
ಒಂದು ಮಾರ್ಚಿಯಲ್ಲಿ ಆರೂ ಹತ್ತರ ರೈಲು ಹತ್ತಿದಳು.
ಹಸಿರು ಬಾವುಟ ತೋರಿಸಿದವನು ಅಪ್ಪನೇ.
ರೈಲು ಹೊತ್ತಿಗೆ ಸರಿಯಾಗಿ ಹೊರಟಿತು.

ಈಗ ಪ್ಲೊವ್ದಿವ್‌ನ ಪ್ರಯೋಗಾಲಯದಲ್ಲಿ
ಕಾರ್ಖಾನೆ ಬದಿಯ ಮಕ್ಕಳ ರಕ್ತದಲ್ಲಿ
ಸೀಸ ಎಷ್ಟಿದೆಯೆಂದು ಅಳೆಯುವುದು ನನ್ನ ಕೆಲಸ.
ಒಂದು ಮಧ್ಯಾಹ್ನ ಯಾರೂ ಇಲ್ಲದಾಗ
ನನ್ನದೇ ರಕ್ತ ಇಟ್ಟು ನೋಡಿದೆ.
ಮಿತಿಯೊಳಗೇ ಇತ್ತು, ಆದರೆ ಅಂಚಿನಲ್ಲಿ.
ಎಲ್ಲಿಂದ ಬಂತೆಂದು ಯಂತ್ರ ಹೇಳುವುದಿಲ್ಲ.
ಸೌಟು, ಹೊಗೆ, ಮುಚ್ಚಿದ ಕಿಟಕಿಯ ಅಡುಗೆಮನೆ
ನೆನಪಾದದ್ದು ನನಗೆ.

ಫೋನು ಮಾಡಿ ರೇಗಿದೆ.
ವಿಷ ಅಪ್ಪಾ ಅದು. ಮೂಳೆಯಲ್ಲಿ ಕೂರುತ್ತದೆ.
ನಲವತ್ತು ವರ್ಷವಾದರೂ ಹೋಗುವುದಿಲ್ಲ.
ತಂತಿಯ ಆ ತುದಿಯಲ್ಲಿ ಬಹಳ ಹೊತ್ತು ಬರೀ ಉಸಿರು.
ಕೊನೆಗೆ ಹೇಳಿದ:
'ಇರಲಿ ಬಿಡು. ಮುದ್ರೆ ಇರೋ ಬೋಗಿಗೆ
ಕಳ್ಳ ಕೈ ಹಾಕೋದಿಲ್ಲ.'

ಉತ್ತರ ಹುಡುಕುತ್ತಿದ್ದೆ.
ಅವನ ಹಿತ್ತಿಲಲ್ಲಿ ಹುಂಜ ಕೂಗಿತು.
ನೂರು ಕಿಲೋಮೀಟರಿನ ಈಚೆ ನಾನು
ರಿಸೀವರು ಕೈಬಿಟ್ಟೆ.