ಮೈಲುತುತ್ತ, ನವಸಾಗರ

ಸಂತೆಪೇಟೆಯ ಗೊಬ್ಬರದಂಗಡಿಯಲ್ಲಿ
ಕಾಲು ಕಿಲೋ ಮೈಲುತುತ್ತ ಕೇಳಿದೆ.
'ಎಷ್ಟು ಎಕರೆಗಮ್ಮಾ?' ಎಂದ.
'ಒಂದು ತಗಡಿಗೆ' ಎಂದೆ. ನಗಲಿಲ್ಲ ಅವನು.
ನವಿಲ ಕುತ್ತಿಗೆಯ ಬಣ್ಣವನ್ನು
ಹಳೆ ಪೇಪರಿನಲ್ಲಿ ಸುತ್ತಿಕೊಟ್ಟ.

ನವಸಾಗರ ಮನೆಯಲ್ಲೇ ಇತ್ತು,
ಅಬ್ಬಾನ ಹಾರ್ಲಿಕ್ಸ್ ಬಾಟಲಿಯಲ್ಲಿ, ಹೆಪ್ಪುಗಟ್ಟಿ.
ತಿದಿ ಮಾರಿ ಹನ್ನೊಂದು ವರ್ಷ.
ಬಾಟಲಿ ಮಾರಲಿಲ್ಲ, ಯಾರೂ ಕೇಳಲೂ ಇಲ್ಲ.

ಮಂಡಿ ಮೊಹಲ್ಲಾದ ಓಣಿ ಓಣಿಯಲ್ಲಿ
'ಕಲಾಯ್, ಕಲಾಯ್' ಎಂದು ಕೂಗಿ
ಕಿಲುಬು ಹಿಡಿದ ಹಿತ್ತಾಳೆಯ ಹೊಟ್ಟೆಗೆ
ಬೆಳದಿಂಗಳು ಬಳಿದವನು ಅಬ್ಬಾ.
ಅವನ ಅನ್ನಕ್ಕೆ ಕಲ್ಲು ಹಾಕಿದ್ದು
ಇದೇ ಅಲ್ಯೂಮಿನಿಯಂ:
ಹಗುರ, ಅಗ್ಗ, ಕಲಾಯಿ ಬೇಡದ ಲೋಹ.

ಈಗ ಅದನ್ನೇ ತಟ್ಟುತ್ತೇನೆ ನಾನು.
ಹುಣಸೆ ಎಲೆ, ಎಲೆಗಳ ನಡುವೆ ಒಂದು ಗೊರವಂಕ,
ಮೇಲೆ 'ನಂದಗೋಕುಲ' ಎಂಬ ಹೆಸರು.
ಸರಸ್ವತಿಪುರಂನವರು ಹೇಳಿದ್ದರು,
'ಹೊಸದು ಅನ್ನಿಸಬಾರದು ನೋಡು,
ಅಜ್ಜಿ ಕಾಲದ್ದು ಅನ್ನಿಸಬೇಕು.'

ಬಗ್ಗುವುದು ಬೇಗ, ಒಪ್ಪುವುದಿಲ್ಲ ಇದು.
ಉಪ್ಪುಕಾಗದದಲ್ಲಿ ಎಷ್ಟು ಉಜ್ಜಿದರೂ
ಮರುಗಳಿಗೆಗೆ ಕಣ್ಣಿಗೆ ಕಾಣದ ಚರ್ಮ ತೊಟ್ಟು
ಏನೂ ಆಗದವರ ಹಾಗೆ ಕೂರುತ್ತದೆ.
ಆ ಚರ್ಮ ಹರಿಯಲಿಕ್ಕೇ ನವಸಾಗರ.

ನೀಲಿ ನೀರು ಸುರಿದೆ.
ಒಂದು ನಿಮಿಷ ಏನಿಲ್ಲ.
ಆಮೇಲೆ ಗುಳ್ಳೆ, ಬಿಸಿ, ಸಣ್ಣ ಸುಂಯ್,
ನೀಲಿ ಬಸಿದು ಹೋಗಿ
ಕೆಂಪು ಮಡ್ಡಿ. ಮಡ್ಡಿಯ ಕೆಳಗೆ
ಒಲೆಯ ಹಿಂದಿನ ಗೋಡೆಯಂಥ ಕಪ್ಪು.

ವಾಸನೆಗೋ ಏನೋ, ಒಳಗಿಂದ ಅಬ್ಬಾ ಬಂದ.
'ಯಾರ ಮನೆ ಪಾತ್ರೆ?'
ತಗಡು ತೊಳೆದು, ಒಣಗಿಸಿ, ಕೈಗೆ ಕೊಟ್ಟೆ.
'ಕಪ್ಪು ತೆಗೆಸೋಕೆ ಕಾಸು ಕೊಡ್ತಿದ್ದರು.
ಹಚ್ಚಿಸೋಕೂ ಕೊಡ್ತಾರಾ?'
'ಎಂಟುನೂರು' ಎಂದೆ.
ಲೆಕ್ಕ ಹಾಕತೊಡಗಿದ: ಎಂಟುನೂರಕ್ಕೆ
ಎಷ್ಟು ಕೊಳಗ, ಎಷ್ಟು ತಪ್ಪಲೆ,
ಯಾವ ಮದುವೆಮನೆಯ ಎಷ್ಟು ಹಂಡೆ

ಲೆಕ್ಕದ ನಡುವೆ ಕೈ ತನ್ನ ಪಾಡಿಗೆ
ಲುಂಗಿಯ ಅಂಚು ಹಿಡಿದು ಉಜ್ಜುತ್ತಿತ್ತು,
ಅರಳೆ ತಿರುಗುತ್ತಿದ್ದ ಅದೇ ಸುತ್ತು.
ತಡೆಯಬಹುದಿತ್ತು.
ಗೊರವಂಕದ ಎದೆ, ಎಲೆಗಳ ಬೆನ್ನು
ಒಂದೊಂದಾಗಿ ಬೆಳ್ಳಗಾದವು.
ತಗ್ಗಿನಲ್ಲಿ ಕಪ್ಪು ಹಾಗೇ ಕೂತಿತು.

ಸಂಜೆ ಕೂತು, ಸ್ಟೀಲ್ ಉಣ್ಣೆ ಹಿಡಿದು
ನಾನು ಮಾಡಬೇಕಿದ್ದ ಕೆಲಸ ಅದೇ.
ಹೇಳಲಿಲ್ಲ.
ಮೇಣ ಬಿಸಿ ಮಾಡಲು ಒಳಗೆ ಹೋದೆ.