ಸಂದು ಮುಚ್ಚುವವನು

ಪಂಗಾನಿ ನದಿ ಕಡಲಿಗೆ ಬೀಳುವ ಕಡೆ
ದೋಣಿ ಮಗುಚಿ ಹಾಕಿಕೊಂಡು ನಾನು ಕೂರುವ ಜಾಗ.
ಹಲಗೆಗೂ ಹಲಗೆಗೂ ನಡುವೆ ಹತ್ತಿ ತುರುಕಿ,
ಶಾರ್ಕಿನ ಎಣ್ಣೆ ಕುಡಿಸಿ, ಉಳಿಯಿಂದ ತಟ್ಟಿ ತಟ್ಟಿ
ನೀರನ್ನು ಹೊರಗೇ ನಿಲ್ಲಿಸುವುದು ನನ್ನ ಕಸುಬು.
ನಲವತ್ತೇಳು ವರ್ಷ. ನಾನು ಮುಚ್ಚಿದ ಸಂದು ಸೋರಿತೆಂದು
ಯಾರೂ ಬಂದು ಬೈದದ್ದಿಲ್ಲ, ಒಬ್ಬನ ಬಿಟ್ಟು.
ಅವನು ದುಡ್ಡು ಕೊಟ್ಟಿರಲಿಲ್ಲ.

ನನ್ನೊಳಗೆ ಯಾವ ಸಂದಿಯಿಂದ ಇಳಿಯಿತೋ ನೀರು.

ಮೊದಲು ನಿಂಬೆಹಣ್ಣು. ಆಮೇಲೆ ಮೂಸಂಬಿ.
ಆಮೇಲೆ ಹಣ್ಣಿಗೆ ಹೋಲಿಸುವುದನ್ನೇ ಬಿಟ್ಟೆ.
ಬೀಜದ ಚೀಲ ಇನ್ನೊಬ್ಬ ಮನುಷ್ಯನ ಹಾಗೆ
ನನ್ನ ಜತೆ ಏಳುತ್ತಿತ್ತು, ನಡೆಯುತ್ತಿತ್ತು,
ನಾನು ಕೂತು ಸ್ವಲ್ಪ ಹೊತ್ತಾದ ಮೇಲೆ ಕೂರುತ್ತಿತ್ತು.
ನೋವಿಲ್ಲ. ಭಾರ.
ಮೂರು ಸುತ್ತು ಬರುತ್ತಿದ್ದ ಕಿಕೋಯಿ ಎರಡಕ್ಕೆ ಬಂತು.
ನಮಾಜಿನ ಕೊನೇ ಸಾಲಿಗೆ, ಗೋಡೆಯ ಪಕ್ಕಕ್ಕೆ ಸರಿದೆ,
ಬಾಗಿದಾಗ ಬೆನ್ನ ಹಿಂದೆ ಯಾರೂ ಇರಬಾರದೆಂದು.

ಬುಷಾ ಅಂತಾರೆ ನಮ್ಮಲ್ಲಿ, ಬಾಯಿಯ ಮೂಲೆಯಲ್ಲಿ ನಗು ಇಟ್ಟುಕೊಂಡು.
ಎಳನೀರು ಹೆಚ್ಚು ಕುಡಿದವನಿಗೆ ಬರುತ್ತದಂತೆ.
ಹನ್ನೊಂದು ವರ್ಷ ಎಳನೀರು ಮುಟ್ಟಲಿಲ್ಲ ನಾನು.
ಸೊಳ್ಳೆಗಳಿಗೆ ಈ ಸುದ್ದಿ ತಲುಪಿರಲಿಲ್ಲ.

ಜೈತೂನಿ ಒಂದು ಮಾತೂ ಆಡಲಿಲ್ಲ.
ಒಂದು ರಾತ್ರಿ ತನ್ನ ಚಾಪೆಯನ್ನು ಒಂದು ಗೇಣು ಆಚೆ ಎಳೆದಳು,
ನನಗೆ ಕಾಲು ಅಗಲಿಸಲು ಜಾಗವಾಗಲಿ ಅಂತ.
ನಾನು ಬೇರೆ ಅರ್ಥ ಮಾಡಿಕೊಂಡೆ.
ಆ ಗೇಣಿನ ಬಗ್ಗೆ ಎಂಟು ವರ್ಷ
ನಾವಿಬ್ಬರೂ ಬಾಯಿ ಬಿಡಲಿಲ್ಲ.

ಆಪರೇಷನ್ ಪುಕ್ಕಟೆ ಎಂದು ಮೈಕು ಕಟ್ಟಿಕೊಂಡು ಗಾಡಿ ಬಂತು.
ರೋಗದ ಹೆಸರು ಹಿಡಿದೇ ಕೂಗಿದರು, ನಡು ಬೀದಿಯಲ್ಲಿ.
ಕಟ್ಟೆಯ ಮುದುಕರೆಲ್ಲ ಒಟ್ಟಿಗೆ ಮೋಡ ನೋಡಿದೆವು.
"ನಿನ್ನ ಜತೆಗಾಗಿ ಬರ್ತೀನಿ," ಅಂದ ಬಲೆ ನೇಯುವ ಮಬರೂಕು,
"ನನ್ನದೇನಿಲ್ಲ, ಒಂದು ಕಡೆ ಗೋಲಿಯಷ್ಟು ಗಟ್ಟಿ.
ಒತ್ತಿದರೂ ನೋಯಲ್ಲ."

ಡಾಕ್ಟರು ಬೆಟ್ಟದ ಕಡೆಯ ಹುಡುಗ, ಆಂಡ್ವೆಲೆ.
ಕಡಲು ಕಂಡು ಇನ್ನೂ ವರ್ಷ ತುಂಬಿಲ್ಲ.
ಪರದೆ ಎಳೆದ. ದೀಪ ಆರಿಸಿದ.
ಚೀಲದ ಬುಡಕ್ಕೆ ಟಾರ್ಚು ಒತ್ತಿ, ನೋಡಿ ಅಜ್ಜ, ಅಂದ.

ಬಟ್ಟೆಯೊಳಗೆ ಇಷ್ಟು ಕಾಲ ಬಚ್ಚಿಟ್ಟದ್ದು
ಕತ್ತಲೆಯಲ್ಲಿ ಕೆಂಪಗೆ ಹೊತ್ತಿಕೊಂಡಿತು,
ರಾತ್ರಿ ಮೀನಿಗೆ ಹೋದ ದೋಣಿಯ ಲಾಂದ್ರ
ದೂರದಿಂದ ಕಂಡ ಹಾಗೆ.
ಸಣ್ಣ ಸಣ್ಣ ನರಗಳೂ ಕಂಡವು, ಎಲೆಯಲ್ಲಿ ಕಂಡಂತೆ.
"ಬೆಳಕು ಹಾಯ್ದರೆ ನೀರು. ಬರೀ ನೀರು."
ನನಗೆ ನಗು ಬಂತು. ನಾಚಿಕೆಗೆ
ಇಷ್ಟು ತೆಳ್ಳಗಿನ ಗೋಡೆಯೆ?

ಆಮೇಲೆ ಮಬರೂಕು ಒಳಗೆ ಹೋದ.
ಪರದೆಯಾಚೆ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.
ಟಾರ್ಚಿನ ಗುಂಡಿ ಟಕ್ ಎಂದಿತು. ಮತ್ತೆ ಟಕ್.
ಬ್ಯಾಟರಿಯ ತಪ್ಪಿರಬಹುದೇ ಎಂದು ನೋಡುತ್ತಿದ್ದ, ಪಾಪ.

ನನ್ನದು ಒಂದು ಬೋಗುಣಿ ತುಂಬಿತು,
ಎಳನೀರಿಗಿಂತ ಕೊಂಚ ಹಳದಿ.
ಒಂಬತ್ತು ಹೊಲಿಗೆ. ಕಸುಬುದಾರನ ಕಣ್ಣಿಂದ ನೋಡಿದೆ:
ಹುಡುಗನಿಗೆ ಕೈ ಇದೆ. ಸಂದು ಕೂತಿದೆ.
ಮನೆಗೆ ಬಂದ ರಾತ್ರಿ ನಾನೇ ಚಾಪೆ ಎಳೆದುಕೊಂಡೆ ಈಚೆಗೆ.
ಜೈತೂನಿ, "ಹೊಲಿಗೆ ಜೋಪಾನ," ಅಂದಳು.
ಎಂಟು ವರ್ಷಕ್ಕೆ ಅಷ್ಟೇ ಮಾತು.

ಮಬರೂಕುವಿನ ಕೈಗೆ ಒಂದು ಕಾಗದ ಕೊಟ್ಟಿದ್ದರು,
ದಾರ್ ಎಸ್ ಸಲಾಮಿನ ದೊಡ್ಡ ಆಸ್ಪತ್ರೆಗೆ.
ಬೇಗ ಹೋಗಬೇಕು, ತೆಗೆದರೆ ಬದುಕಬಹುದು ಅಂದರಂತೆ.
ಓದಲು ಬಾರದವನು ಬಿಡಿಸಿ ಬಿಡಿಸಿ ನೋಡಿ
ಕಾಗದದ ಮಡಿಕೆಯೇ ಹರಿದಿತ್ತು.
ಬಸ್ ಸ್ಟ್ಯಾಂಡಿನಲ್ಲಿ ನಾನು ಎರಡು ಎಳನೀರು ಕೊಂಡೆ.
ಒಂದನ್ನು ಕಿಟಕಿಗೆ ಎತ್ತಿ ಕೊಟ್ಟೆ.
ಕುಡಿಯದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದ:
"ನಿನ್ನದು ಹೇಗೆ ಕಂಡಿತೋ, ಬೆಳಕು ಹಾಯ್ದಾಗ?"

"ಅಂಥದ್ದೇನಿಲ್ಲ," ಅಂದೆ.
ಬಸ್ಸು ಹೊರಟಿತು.