ನೆಗ್ಗಿದ ಪಾತ್ರೆ

ಈ ಪಾತ್ರೆ ಒಲೆಯ ಮೇಲೆ ನೆಟ್ಟಗೆ ಕೂರುವುದಿಲ್ಲ.
ಬೇಳೆ ಕುದಿಯುವಾಗ ಟಕಟಕ ಕುಣಿಯುತ್ತದೆ,
ಮುಚ್ಚಳ ಒಂದು ಕಡೆ ಬಾಯಿಬಿಟ್ಟೇ ಇರುತ್ತದೆ.
ಬ್ಯಾಂಕಿನ ಕಬ್ಬಿಣದ ಬಾಗಿಲಿಗೆ ಬಡಿದು ನೆಗ್ಗಿದ್ದು,
ಆ ಡಿಸೆಂಬರಿನ ಸುಡುಬಿಸಿಲಲ್ಲಿ, ರೊಸಾರಿಯೋದಲ್ಲಿ.
ಇಡೀ ಬೀದಿ ಅಡುಗೆಮನೆಯನ್ನೇ ಹೊತ್ತು ಬಂದಿತ್ತು.
ಸೌಟು ನನ್ನತ್ತೆಯದು, ಸಿಟ್ಟು ನನ್ನದು,
ಬಾಗಿಲಾಚೆ ಇದ್ದದ್ದು ಹನ್ನೊಂದು ವರ್ಷದ ಹೊಲಿಗೆ.

ಹಾಸಿಗೆ ಇದ್ದಷ್ಟೇ ಕಾಲು ಚಾಚಿದವರು ನಾವು.
ಹಾಸಿಗೆಯನ್ನೇ ಸುರುಳಿ ಸುತ್ತಿ ಒಳಗಿಟ್ಟು
ಬೀಗ ಹಾಕಿಕೊಂಡರೆ
ಕಾಲನ್ನು ಎಲ್ಲಿಡಬೇಕು?

ಸಂಜೆ ಬಂದು ಅದೇ ಪಾತ್ರೆ ತೊಳೆದು ಅಕ್ಕಿ ಹಾಕಿದೆ.
ಮನೆಯಲ್ಲಿ ದೊಡ್ಡದು ಅಂತ ಇದ್ದದ್ದು ಅದೊಂದೇ.

ಓಸ್ವಾಲ್ಡೋನ ಬಣ್ಣದ ಕಾರ್ಖಾನೆ ಫೆಬ್ರವರಿಯಲ್ಲಿ ಮುಚ್ಚಿತು.
ಮೂರು ವಾರ ಅವನು ಬೆಳಿಗ್ಗೆ ಆರಕ್ಕೇ ಗಡ್ಡ ಹೆರೆದು
ಡಬ್ಬಿ ಹಿಡಿದು ಹೊರಟು
ಪರಾನಾ ನದಿಯ ದಂಡೆಯಲ್ಲಿ ಕೂತು
ಐದಕ್ಕೆ ಸರಿಯಾಗಿ ದಣಿದವನಂತೆ ಬರುತ್ತಿದ್ದ.
ನನಗೆ ಗೊತ್ತಿತ್ತು. ಡಬ್ಬಿ ತುಂಬಿಸಿ ಕೊಡುತ್ತಿದ್ದೆ.
ಗೊತ್ತೆಂದು ಹೇಳಲಿಲ್ಲ; ಅದೂ ಒಂದು ಉಳಿತಾಯ.
ನಾಲ್ಕನೇ ಸೋಮವಾರ ಡಬ್ಬಿಯಲ್ಲಿ ಊಟವಿಲ್ಲ,
ಗಾಳದ ದಾರ, ಒಂದು ಚೀಟಿ:
‘ಸುಮ್ಮನೆ ನೀರು ನೋಡಬೇಡ.’
ತಂದ. ಅಂಗೈಯಗಲದ ಎರಡು ಬೋಗಾ ಮೀನು.
ಅವನ್ನು ತೊಟ್ಟಿಗೆ ಬಿಟ್ಟು
ಮುಖ ತೊಳೆಯುತ್ತಾ ನಿಂತ, ಬಹಳ ಹೊತ್ತು.

ಶಾಲೆಯ ಹಳೇ ನೋಟುಬುಕ್ಕನ್ನು ಹಿಂದಿನಿಂದ ತೆರೆದು
ಲೆಕ್ಕ ಬರೆದೆ:
ಟೆಲಿಫೋನು ಬೇಡ. ಕರೆಂಟು ಬೇಕು, ಒಂದೇ ಬಲ್ಬಿಗೆ.
ಅತ್ತೆಯ ಔಷಧಿ ಬೇಕು.
ನನ್ನದು, ನೋಡೋಣ.
ಮಾರನೇ ದಿನ ಆ ‘ನೋಡೋಣ’ದ ಮೇಲೆ ಗೀಟೆಳೆದು
ಯಾರೋ ಪೆನ್ಸಿಲಿನಲ್ಲಿ ‘ಬೇಕು’ ಎಂದು ಬರೆದಿದ್ದರು.
ಅಕ್ಷರಕ್ಕೆ ಮೀನಿನ ವಾಸನೆ.

ಯೆರ್ಬಾ ಸೊಪ್ಪನ್ನು ಒಮ್ಮೆ ಕುದಿನೀರಲ್ಲಿ ಕುಡಿದು
ಹಾಳೆಯ ಮೇಲೆ ಹರವಿ, ಒಣಗಿಸಿ, ಮತ್ತೆ ಕುಡಿದೆವು.
ಎರಡನೇ ಸಲ ಅದು ಬರೀ ನೆನಪಿನ ರುಚಿ.

ಬಾಗಿಲು ಹಾಕಿದ್ದ ಕಾಲುಚೀಲದ ಗಿರಣಿಯಲ್ಲಿ
ಶನಿವಾರ ಅದಲುಬದಲಿನ ಸಂತೆ.
ಹಲ್ಲಿನ ಡಾಕ್ಟರು ಪ್ಲಮ್ ಜಾಮಿನ ಬಾಟಲಿ ಹಿಡಿದು ನಿಂತಿದ್ದರು.
ಪಾಲ್ಮಿರಾ ಕೋಳಿಮೊಟ್ಟೆ ತರುತ್ತಿದ್ದಳು,
ಒಂದೊಂದನ್ನೂ ಪತ್ರಿಕೆಯ ಷೇರುಪೇಟೆ ಪುಟದಲ್ಲಿ ಸುತ್ತಿ.
ನನ್ನ ಸರಕು ಕಾಲರು:
ಸವೆದ ಕಾಲರು ಬಿಚ್ಚಿ, ಮಗುಚಿ, ಮತ್ತೆ ಹೊಲಿದರೆ
ಸವೆದ ಬದಿ ಕುತ್ತಿಗೆಗೆ, ಗಟ್ಟಿ ಬದಿ ಊರಿಗೆ.
ಒಂದು ಕಾಲರಿಗೆ ಆರು ಮೊಟ್ಟೆ.

ಎಲ್ಲರೂ ದೇವರಾಗಿಬಿಟ್ಟೆವು ಅಂತಲ್ಲ.
ಎಣ್ಣೆಗೆ ನೀರು ಬೆರೆಸಿದವರಿದ್ದರು,
ಜೂನಿನ ಹೊತ್ತಿಗೆ ಸಂತೆಯ ಚೀಟಿಗೂ ಖೋಟಾ ಬಂತು.
ನಾನೂ ಒಮ್ಮೆ ಸುಟ್ಟ ಕಲೆಯೊಂದನ್ನು
ಕಸೂತಿ ಹೂವಿನಡಿ ಮುಚ್ಚಿ ದಾಟಿಸಿದ್ದೇನೆ.
ಕೊಂಡವಳು ಹೂವನ್ನೇ ಮೆಚ್ಚಿದಳು.
ಇಂದಿಗೂ ಅವಳ ಎದುರು ಬೀದಿ ದಾಟುತ್ತೇನೆ.

ಈಗ ಬ್ಯಾಂಕಿಗೆ ಗಾಜಿನ ಬಾಗಿಲು.
ಒಬ್ಬ ಹುಡುಗ ನಗುತ್ತಾ ಕರಪತ್ರ ಕೊಟ್ಟ,
ನಿಮ್ಮ ಉಳಿತಾಯ ನಮ್ಮಲ್ಲಿ ಭದ್ರ ಅಂತ.
ಬೆರಳ ಗೆಣ್ಣಿನಿಂದ ಗಾಜು ತಟ್ಟಿ ನೋಡಿದೆ.
ಪಾತ್ರೆ ನೆಗ್ಗುವಷ್ಟು ಗಟ್ಟಿಯಿಲ್ಲ.
ಸ್ವಲ್ಪ ಹಣ ಇಟ್ಟೆ. ಸ್ವಲ್ಪವೇ.

ನೋಟುಬುಕ್ಕಿನ ಎಲ್ಲ ಲೆಕ್ಕ ಚುಕ್ತಾ ಆಗಿದೆ,
ಒಂದು ಸಾಲು ಬಿಟ್ಟು:
ಪಾಲ್ಮಿರಾಳಿಗೆ ನಾನು ಒಂದು ಕಾಲರು ಬಾಕಿ,
ನನಗೆ ಅವಳು ಎರಡು ಮೊಟ್ಟೆ.
ಶನಿವಾರ ಅವಳು ವಸೂಲಿಗೆಂದೇ ಬರುತ್ತಾಳೆ,
ಕುರ್ಚಿ ಒಲೆಯ ಪಕ್ಕಕ್ಕೆಳೆದು
ಪಾತ್ರೆಯ ಟಕಟಕ ಕೇಳುತ್ತಾ ಕೂರುತ್ತಾಳೆ,
ಕತ್ತಲಾಯಿತೆಂದು ಎದ್ದು
ವಸೂಲಿ ಮಾಡದೆ ಹೋಗುತ್ತಾಳೆ.